ಪಂಚಾಯತು ಮಟ್ಟದ ಶಿಶುಮರಣ ಲೆಕ್ಕ: ಕಾಸರಗೋಡಿನಲ್ಲಿ ನಾವು ಮಾಡಿದ ಕ್ರಮ

ಒಂದು ಪಂಚಾಯತಿಗೆ ಶಿಶುಮರಣ ದರ (ಸಾವಿರ ಜೀವಂತ ಜನನಕ್ಕೆ ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳೆಷ್ಟು ಎಂಬ ಲೆಕ್ಕ) ತೆಗೆಯಲಿಕ್ಕಾಗದು, ಹೆರಿಗೆಯೆಲ್ಲ ಮಂಗಳೂರಿನಲ್ಲಿ, ಸಂಖ್ಯೆಯೂ ಚಿಕ್ಕದು ಎಂದೇ ಎಲ್ಲರೂ ಹೇಳಿದ್ದು. ಎರಡು ಆಕ್ಷೇಪವೂ ಸರಿಯೇ. ಆದರೆ ಎರಡಕ್ಕೂ ದಾರಿ ಉಂಟು. ಪೈವಳಿಕೆ, ಎಣ್ಮಕಜೆ ಕಡೆಯ ನಮ್ಮ ಪಟ್ಟಿಯನ್ನು ಈಗ ಯಾರ ಮುಂದೆ ಬೇಕಾದರೂ ಇಡಬಹುದು.

ಜನನ, ಮರಣ ನೋಂದಣಿಯಾಗುವುದು ಅದು ನಡೆದ ಊರಿನಲ್ಲಿ. ಮಂಗಳೂರಿನಲ್ಲೋ ಪರಿಯಾರದಲ್ಲೋ ತೀರಿಕೊಂಡ ಮಗು ನಮ್ಮ ಪಂಚಾಯತಿನ ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಆಸ್ಪತ್ರೆಗಳಿಂದ ಹೆಸರು ತರುವ ಪ್ರಯತ್ನವೂ ಕೈಕೊಟ್ಟಿತು; ಸಿಕ್ಕಿದ ವಿಳಾಸಗಳಲ್ಲಿ ಅಂಚೆಯ ಹೆಸರು ಮಾತ್ರ, ವಾರ್ಡು ಇಲ್ಲ. ಬಸ್ಸು, ಝೆರಾಕ್ಸು ಎಂದು ನಾಲ್ಕೈದು ಸಾವಿರ ಹೋಯಿತು.

ಫಲಿಸಿದ್ದು ಸಾವನ್ನು ಹುಡುಕುವುದನ್ನು ಬಿಟ್ಟು ಬಸುರಿಯರ ಪಟ್ಟಿ ಹಿಡಿದಾಗ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮೂರನೇ ತಿಂಗಳಿಗೇ ಹೆಸರು ಬಂದಿರುತ್ತದೆ. ಒಂದೊಂದು ಗರ್ಭಕ್ಕೆ ಒಂದು ಸಾಲು, ಮಗುವಿಗೆ ವರ್ಷ ತುಂಬುವವರೆಗೆ ಆ ಸಾಲು ಮುಚ್ಚಬಾರದು. ಚೊಚ್ಚಲ ಹೆರಿಗೆಗೆ ಸುಳ್ಯ, ಬಂಟ್ವಾಳದ ತವರಿಗೆ ಹೋದವಳೂ ಇಲ್ಲಿಯವಳೇ, ಅಲ್ಲಿಂದ ಇಲ್ಲಿಯ ತವರಿಗೆ ಬಂದವಳು ಅಲ್ಲಿಯವಳು. ಬಯಕೆ ಶಾಸ್ತ್ರಕ್ಕೆ ಮುಂಚೆ ಯಾವ ಮನೆಯಲ್ಲಿದ್ದಳೋ ಅದೇ ಅವಳ ವಾರ್ಡು. ಈ ನಿಯಮ ಸಡಿಲಿಸಿದರೆ ಒಂದೇ ಮಗು ಎರಡು ಕಡೆ ಸೇರುತ್ತದೆ, ಇಲ್ಲವೇ ಎರಡೂ ಕಡೆ ತಪ್ಪುತ್ತದೆ.

ತೀರಿಕೊಂಡ ಮಗುವಿನ ಪ್ರಾಯ ಕೇಳುವಾಗ ಜಾಗ್ರತೆ. "ಒಂದು ವರ್ಷ" ಎಂದರೆ ಹತ್ತು ತಿಂಗಳೂ ಆಗಬಹುದು, ಹದಿನಾಲ್ಕೂ ಆಗಬಹುದು. ಮೊದಲನೆಯದು ಲೆಕ್ಕಕ್ಕೆ ಸೇರುತ್ತದೆ, ಎರಡನೆಯದು ಇಲ್ಲ. ಒಂಬತ್ತು ತಿಂಗಳ ದಡಾರ ಚುಚ್ಚುಮದ್ದು ಆಗಿತ್ತೇ, ತೀರಿಕೊಂಡದ್ದು ಆಟಿಗೆ ಮುಂಚೆಯೋ ಸೋಣದಲ್ಲೋ (ಇವು ತುಳು ತಿಂಗಳುಗಳು) ಎಂದು ಕೇಳಿ ದಿನಾಂಕಕ್ಕೆ ಬನ್ನಿ. "ಸತ್ತೇ ಹುಟ್ಟಿತು" ಎಂದಲ್ಲೆಲ್ಲ ಉಸಿರಾಡಿತ್ತೇ, ಅತ್ತಿತ್ತೇ, ಕೈಕಾಲು ಆಡಿಸಿತ್ತೇ ಎಂದು ಮೆಲ್ಲನೆ ಕೇಳಬೇಕು. ಒಂದಾದರೂ ಹೌದಾದರೆ ಅದು ಜೀವಂತ ಜನನ, ಆಮೇಲೆ ಶಿಶುಮರಣ. ಅಂಥ ಮನೆಯಲ್ಲಿ ಮಾತು ಆರಂಭಿಸುವ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ; ಜೊತೆಗೆ ಬಂದವರಿಗೆ ತೋರಿಸುತ್ತೇವೆ.

ತಪ್ಪಿಹೋದದ್ದೆಷ್ಟು ಎಂದು ತಿಳಿಯಲು ಬೇರೆಯೇ ಮೂಲದಿಂದ ಎರಡನೇ ಪಟ್ಟಿ ಬೇಕು. ಒಂದರಲ್ಲಿ 20 ಸಾವು, ಇನ್ನೊಂದರಲ್ಲಿ 18, ಎರಡರಲ್ಲೂ ಇರುವವು 15 ಎಂದಿಟ್ಟುಕೊಳ್ಳಿ: 20ನ್ನು 18ರಿಂದ ಗುಣಿಸಿ 15ರಿಂದ ಭಾಗಿಸಿದರೆ 24, ಇದು ನಿಜವಾಗಿ ಆಗಿರಬಹುದಾದ ಒಟ್ಟು ಸಾವಿನ ಅಂದಾಜು. ಎರಡೂ ಪಟ್ಟಿ ಸೇರಿ 23, ಅಂದರೆ ಒಂದು ತಪ್ಪಿದೆ. ಎರಡನೇ ಪಟ್ಟಿಯನ್ನು ಮೊದಲನೆಯದನ್ನು ನೋಡಿ ಬರೆದರೆ ಈ ಲೆಕ್ಕಕ್ಕೆ ಅರ್ಥವಿಲ್ಲ.

ಸಣ್ಣ ಸಂಖ್ಯೆಯ ವಿಷಯ. ವರ್ಷಕ್ಕೆ 300 ಜನನವಿದ್ದರೆ ಒಂದು ಸಾವು ದರವನ್ನು ಸಾವಿರಕ್ಕೆ 3.3 ಏರಿಸುತ್ತದೆ. 2020ರ ಎಸ್‌ಆರ್‌ಎಸ್ (ಕೇಂದ್ರ ಸರಕಾರದ ಮಾದರಿ ನೋಂದಣಿ ಸಮೀಕ್ಷೆ) ಪ್ರಕಾರ ಕೇರಳದ ದರ ಸಾವಿರಕ್ಕೆ 6. ಅದೇ ದರಕ್ಕೆ ಇಲ್ಲಿ ವರ್ಷಕ್ಕೆ ಸುಮಾರು ಎರಡು ಸಾವಿನ ನಿರೀಕ್ಷೆ. ಒಂದು ವರ್ಷ ಸೊನ್ನೆ ಬಂದರೂ ನಿಜವಾದ ದರ 10ರವರೆಗೆ ಇರಬಹುದು. ಆದ್ದರಿಂದ ಐದು ವರ್ಷ ಕೂಡಿಸದೆ ಪಂಚಾಯತುಗಳನ್ನು ಹೋಲಿಸಬೇಡಿ. ಐದು ವರ್ಷದಲ್ಲಿ 1500 ಜನನ, 10 ಸಾವು ಎಂದರೂ ಉತ್ತರ 3ರಿಂದ 12ರ ನಡುವೆ ಎಲ್ಲೋ.

ಅದಕ್ಕಿಂತ ಹೆಚ್ಚು ಹೇಳುವುದು ಪ್ರಾಯದ ವಿಂಗಡಣೆ. ಮೊದಲ ವಾರದ ಸಾವು ಅವಧಿಪೂರ್ವ ಹೆರಿಗೆ, ಹುಟ್ಟಿನ ಊನ, ಹೆರಿಗೆಕೋಣೆ, ಆಂಬುಲೆನ್ಸ್ ದೂರ ಇವುಗಳತ್ತ ಬೊಟ್ಟುಮಾಡುತ್ತದೆ. ತಿಂಗಳು ಕಳೆದ ಮೇಲಿನದ್ದು ನ್ಯುಮೋನಿಯ, ಭೇದಿ, ಬಾವಿನೀರು, ಹೊಗೆ ತುಂಬಿದ ಅಡಿಗೆಮನೆಯತ್ತ. ಆದಿವಾಸಿ ಕೊರಗರ ಕಾಲನಿಗಳನ್ನು ಪ್ರತ್ಯೇಕ ಬರೆಯದಿದ್ದರೆ ಪಂಚಾಯತಿನ ಸರಾಸರಿ ಅವರ ಕಷ್ಟವನ್ನು ನುಂಗಿಬಿಡುತ್ತದೆ.

ದುಡ್ಡು ಕೊಡುವಾಗ ಭೇಟಿಗೆ ಇಷ್ಟು ಎಂದರೆ ಮನೆಯಲ್ಲೇ ಕೂತು ತುಂಬಿದ ಫಾರಂ ಬರುತ್ತದೆ. ಮುಚ್ಚಿದ ಸಾಲಿಗೆ ನಲವತ್ತು ರೂಪಾಯಿಯಂತೆ ಕೊಟ್ಟು, ಹತ್ತರಲ್ಲೊಂದನ್ನು ಇನ್ನೊಬ್ಬರಿಂದ ಪರೀಕ್ಷಿಸಿದ ಮೇಲೆ ಆ ಕಾಟ ನಿಂತಿತು.

ಗೇರುತೋಟದ ಪಕ್ಕದ ವಾರ್ಡುಗಳನ್ನು ಬೇರೆ ಮಾಡಿಯೂ ನೋಡಿದೆವು. ಆ ತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕದ ವೈಮಾನಿಕ ಸಿಂಪಡಣೆ ನಿಂತದ್ದು 2000ದ ಸುಮಾರಿಗೆ. ಆ ವಿಷದಿಂದ ಏನಾಯಿತು ಎಂಬ ಪ್ರಶ್ನೆಗೆ ಇಂದಿನ ಶಿಶುಮರಣ ಉತ್ತರ ಕೊಡದು. ಗರ್ಭಪಾತ, ನಿರ್ಜೀವ ಜನನ, ಹುಟ್ಟಿನ ಊನ ಇವಕ್ಕೆ ಅದೇ ಸಾಲಿನಲ್ಲಿ ಮೂರು ಕಾಲಂ ಬಿಟ್ಟಿದ್ದೇವೆ, ಈಗ ಅವೂ ತುಂಬುತ್ತಿವೆ.