ಸರೋಜಿನಿ ಮಹಿಷಿಯವರನ್ನು ಕಲಾಪದ ಪುಟಗಳಲ್ಲಿ ಹುಡುಕಿದ್ದು

ಸರೋಜಿನಿ ಮಹಿಷಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಅವರ ವರದಿ. ಕನ್ನಡಿಗರ ಉದ್ಯೋಗದ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ್ದ ಸಮಿತಿಯ ಅಧ್ಯಕ್ಷೆಯಾಗಿ ಅವರು 1986ರಲ್ಲಿ 58 ಶಿಫಾರಸುಗಳನ್ನು ಕೊಟ್ಟರು. ದೊಡ್ಡ ಕೆಲಸವೇ. ಆದರೆ 1962, 1967, 1971 ಮತ್ತು 1977ರಲ್ಲಿ ಧಾರವಾಡ ಉತ್ತರದಿಂದ ಗೆದ್ದು ಲೋಕಸಭೆಗೆ ಹೋದ ಈ ಹೆಣ್ಣುಮಗಳು ಅಲ್ಲಿ ಏನು ಮಾಡಿದರು ಎಂದು ಕೇಳಿದರೆ ಹೇಳುವವರು ಸಿಗುವುದಿಲ್ಲ. ಅವರ ಬಗ್ಗೆ ಲೇಖನ ಬರೆಯಲು ಒಪ್ಪಿಕೊಂಡಾಗ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ.

ಚುನಾವಣಾ ಆಯೋಗದ ಹಳೆಯ ವರದಿಗಳಿಂದ ಆರಂಭಿಸಿದೆ. ಮೊದಲ ಮೂರು ಗೆಲುವುಗಳು ಅಲ್ಲಿರುವುದು ಮೈಸೂರು ರಾಜ್ಯದ ಪಟ್ಟಿಯಲ್ಲಿ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಧಾರವಾಡವನ್ನೂ ಆಗಿನ ಇಂಗ್ಲಿಷ್ ಮುದ್ರಣದಲ್ಲಿ 'ಧಾರವಾರ್' ಎಂದೇ ಹುಡುಕಬೇಕು.

ನಿಜವಾದ ಸಂಪತ್ತು ಇರುವುದು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ. ಲೋಕಸಭೆಯ ಚರ್ಚೆಗಳ ಮುದ್ರಿತ ಸಂಪುಟಗಳೆಲ್ಲ ಅಲ್ಲಿ ಸ್ಕ್ಯಾನ್ ಆಗಿ ಕುಳಿತಿವೆ. ನಾನು ಮೊದಲು ಓದುವುದು ಪ್ರಶ್ನೋತ್ತರವನ್ನು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬಂದರೆ ಮುಗಿಯಿತು. ಚುಕ್ಕೆ ಗುರುತಿನದಕ್ಕೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಅದರ ಬೆನ್ನಿಗೆ ಉಪಪ್ರಶ್ನೆಗಳು ಬರುತ್ತವೆ. ಮೂಲ ಪ್ರಶ್ನೆಯನ್ನು ಮೊದಲೇ ಬರೆದು ಕೊಟ್ಟಿರುತ್ತಾರೆ: 'ಸಚಿವರು ತಿಳಿಸಲು ಕೃಪೆ ಮಾಡುವರೇ' ಎಂಬ ಒಕ್ಕಣೆ, ಕೆಳಗೆ ಎ, ಬಿ, ಸಿ ಎಂದು ವಿಂಗಡಿಸಿದ ಭಾಗಗಳು. ಉಪಪ್ರಶ್ನೆಯನ್ನು ನಿಂತ ಕಾಲಿನಲ್ಲೇ ಕೇಳಬೇಕು. ಸದಸ್ಯರು ವಿಷಯವನ್ನು ಎಷ್ಟು ಅರಗಿಸಿಕೊಂಡಿದ್ದಾರೆ ಎಂಬುದು ಅಲ್ಲಿ ಬಯಲಾಗುತ್ತದೆ. ಹಾಗಾಗಿ ನನ್ನ ಟಿಪ್ಪಣಿಯಲ್ಲಿ ಉಪಪ್ರಶ್ನೆಗಳಿಗೇ ಪ್ರತ್ಯೇಕ ಕಾಲಂ ಇಟ್ಟೆ.

ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಮಹಿಷಿಯವರು ಇಂದಿರಾ ಗಾಂಧಿಯವರ ಸಂಪುಟದಲ್ಲಿ ಪ್ರವಾಸೋದ್ಯಮ ಮತ್ತು ನಾಗರಿಕ ವಿಮಾನಯಾನ, ಬಳಿಕ ಕಾನೂನು ಖಾತೆಯ ರಾಜ್ಯ ಸಚಿವೆಯಾಗಿದ್ದರು. ಆ ವರ್ಷಗಳಲ್ಲಿ ಪ್ರಶ್ನೆಗಳ ಸಂಖ್ಯೆ ನೋಡಿ ಯಾರಾದರೂ ಅವರನ್ನು ಮೌನಿ ಎಂದು ತೀರ್ಮಾನಿಸಿದರೆ ಅದು ದೊಡ್ಡ ಅನ್ಯಾಯ. ಖಾತೆಯ ಹೆಸರು ಹಿಡಿದು ಉತ್ತರಗಳನ್ನು ತೆಗೆಯಬೇಕು. ತುರ್ತು ಪರಿಸ್ಥಿತಿ ಹೇರಿದ ಮೇಲೆ 1975ರ ಜುಲೈಯಲ್ಲಿ ಸೇರಿದ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಡಲಾಗಿತ್ತು. ಆ ಖಾಲಿ ಜಾಗಕ್ಕೆ ಯಾವ ಸದಸ್ಯರೂ ಹೊಣೆಯಲ್ಲ. ಲೋಕಸಭೆಯ ಅವಧಿಯನ್ನು ಐದೈದು ವರ್ಷ ಎಂದು ಕಣ್ಣುಮುಚ್ಚಿ ಹಾಕಿದರೂ ಲೆಕ್ಕ ತಪ್ಪುತ್ತದೆ. 1971ರಲ್ಲಿ ಆಯ್ಕೆಯಾದ ಐದನೆಯ ಲೋಕಸಭೆ 1977ರ ಜನವರಿಯವರೆಗೆ ನಡೆಯಿತು, 1977ರಲ್ಲಿ ಆಯ್ಕೆಯಾದ ಆರನೆಯದು 1979ರ ಆಗಸ್ಟ್‌ನಲ್ಲೇ ವಿಸರ್ಜನೆಯಾಯಿತು.

1983ರಲ್ಲಿ ಅವರು ರಾಜ್ಯಸಭೆಗೆ ಬಂದರು. ಅದರ ಕಲಾಪಗಳ ಭಂಡಾರವೇ ಬೇರೆ, ಹುಡುಕಾಟವನ್ನು ಹೊಸದಾಗಿ ಶುರು ಮಾಡಬೇಕು. ಉದ್ಯೋಗ ಸಮಿತಿಯ ಕೆಲಸ ನಡೆದದ್ದೂ ಇದೇ ಕಾಲದಲ್ಲಿ. ಅದಕ್ಕೇ ನಾನು ದೆಹಲಿಯ ಅಧಿವೇಶನಗಳನ್ನೂ ಬೆಂಗಳೂರಿನ ಸಮಿತಿಯನ್ನೂ ಒಂದೇ ಕಾಲಾನುಕ್ರಮದ ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಂಡೆ. ಲೇಖನ ಬರೆಯಲು ಕುಳಿತದ್ದು ಆ ಹಾಳೆ ಸಿದ್ಧವಾದ ಮೇಲೆ.