ಮನೆಯಲ್ಲೇ ಉಳಿಯುವ ಕೆಲಸದವರು ಸಿಗದಿದ್ದಾಗ: ಮಂಗಳೂರು, ಉಡುಪಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು, ಮಣಿಪಾಲ ಅಥವಾ ಸುರತ್ಕಲ್ ಕಡೆ ಉದ್ಯೋಗ ಹಿಡಿದು ಇಲ್ಲಿ ಹೊಸದಾಗಿ ಮನೆ ಹೂಡಿದವರು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವ ಸಂಗತಿಗಳಲ್ಲಿ ಒಂದು, ಹಗಲೂ ರಾತ್ರಿಯೂ ಮನೆಯಲ್ಲೇ ಇರುವ ಹೆಂಗಸೊಬ್ಬರು ಸಿಗುತ್ತಾರೆಯೇ ಎಂಬುದು. ಸಿಗುವುದು ಬಹಳ ಕಷ್ಟ. ತಮ್ಮ ಮನೆಯ ಜಗಲಿಯಲ್ಲೇ ಕುಳಿತು ಬೀಡಿ ಕಟ್ಟುವ ಕಸುಬು, ಗೇರುಬೀಜದ ಕಾರ್ಖಾನೆ, ಮೀನು ವ್ಯಾಪಾರ, ಅಂಗಡಿ ಮತ್ತು ಆಸ್ಪತ್ರೆಗಳ ಕೆಲಸ ಇಲ್ಲಿನ ಹೆಂಗಸರಿಗೆ ಬಹುಕಾಲದಿಂದ ಇರುವುದರಿಂದ, ಪರರ ಮನೆಯಲ್ಲಿ ರಾತ್ರಿ ತಂಗಲು ಒಪ್ಪುವವರು ವಿರಳ.

ಹಾಗಾದರೆ ಊರಿನಿಂದ ಪರಿಚಯದ ಬಡ ಹುಡುಗಿಯೊಬ್ಬಳನ್ನು ಕರೆತರುತ್ತೇವೆ, ಓದಿಸುತ್ತೇವೆ ಎಂದು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ದಯವಿಟ್ಟು ಬೇಡ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಕೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧವಾಗಿದ್ದು, 2016ರ ತಿದ್ದುಪಡಿಯ ನಂತರ ಕಾನೂನು ಇನ್ನಷ್ಟು ಬಿಗಿಯಾಗಿದೆ.

ಯಾರನ್ನಾದರೂ ಹುಡುಕುವ ಮೊದಲು, ದಿನದ ಯಾವ ಗಂಟೆಗಳಲ್ಲಿ ನಿಮಗೆ ನಿಜವಾಗಿ ಕೈ ಸಾಲುವುದಿಲ್ಲ ಎಂಬುದನ್ನು ಒಂದು ವಾರ ಬರೆದಿಟ್ಟು ನೋಡಿ. ಹೆಚ್ಚಿನ ಮನೆಗಳಲ್ಲಿ ಅದು ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಮತ್ತೆ ಶಾಲೆ ಬಿಟ್ಟ ಮೇಲೆ ಕಚೇರಿ ಮುಗಿಯುವವರೆಗೆ. ಉಳಿದ ಹೊತ್ತಿನಲ್ಲಿ ಮನೆ ಬೀಗ ಹಾಕಿಕೊಂಡೇ ಇರುತ್ತದೆ. ಈ ನಾಲ್ಕೈದು ಗಂಟೆಗಳಿಗಾಗಿ ಇನ್ನೊಬ್ಬರ ಇಡೀ ದಿನವನ್ನು ಕೊಂಡುಕೊಳ್ಳಬೇಕಾಗಿಲ್ಲ.

ಗುಡಿಸಿ ಒರೆಸಲು, ಪಾತ್ರೆ ತೊಳೆಯಲು ಒಂದೆರಡು ಗಂಟೆ ಬಂದು ಹೋಗುವವರು ಸಿಗುತ್ತಾರೆ. ಅವರನ್ನು ಹುಡುಕಲು ಏಜೆನ್ಸಿಗಿಂತ ನಿಮ್ಮ ಫ್ಲ್ಯಾಟಿನ ವಾಚ್‌ಮನ್ ಮತ್ತು ಪಕ್ಕದ ಮನೆಯವರೇ ಮೇಲು, ಏಕೆಂದರೆ ಒಂದೇ ಕಟ್ಟಡದ ಮೂರು ನಾಲ್ಕು ಮನೆಗಳನ್ನು ಹಿಡಿದವರಿಗೆ ಇನ್ನೊಂದು ಮನೆ ಸೇರಿಸಿಕೊಳ್ಳುವುದು ಸುಲಭ. ಬಹುಪಾಲು ಜನ ಸಿಟಿ ಬಸ್ಸಿನಲ್ಲಿ ಬರುವುದರಿಂದ, ಬಾಡಿಗೆಗೆ ಮನೆ ನೋಡುವಾಗಲೇ ಬಸ್ ನಿಲ್ದಾಣ ಎಷ್ಟು ದೂರವೆಂದು ನೋಡಿಕೊಳ್ಳುವುದು ಜಾಣತನ. ಮನೆಯಲ್ಲಿ ಅವರು ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡಿದರೂ ಕನ್ನಡದಲ್ಲಿ ವ್ಯವಹರಿಸಲು ತೊಡಕಾಗದು. ಸಂಬಳ, ವಾರದ ರಜೆ, ಹಬ್ಬದ ರಜೆಗಳನ್ನು ಮೊದಲೇ ಮಾತನಾಡಿಕೊಳ್ಳಿ. ಮನೆಕೆಲಸದವರಿಗೆ ಕರ್ನಾಟಕದಲ್ಲಿ 2004ರಿಂದಲೇ ಕನಿಷ್ಠ ವೇತನ ನಿಗದಿಯಾಗಿದೆಯೆಂಬುದು ನೆನಪಿರಲಿ. ದೀಪಾವಳಿಯ ನಂತರ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ದೈವಾರಾಧನೆಯ ಭೂತಕೋಲ, ನೇಮಗಳ ಕಾಲ. ಕುಟುಂಬದ ನೇಮಕ್ಕೆ ಹೋಗಬೇಡಿ ಎನ್ನುವ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ಅಡುಗೆಯ ಭಾರವನ್ನು ಪೇಟೆಯೇ ಸಾಕಷ್ಟು ಇಳಿಸುತ್ತದೆ. ಇಡ್ಲಿ, ದೋಸೆ ಹಿಟ್ಟು ಅಂಗಡಿಯಲ್ಲಿ ದೊರೆಯುತ್ತದೆ, ಮೀನನ್ನು ಮಾರುಕಟ್ಟೆಯಲ್ಲೇ ಸ್ವಲ್ಪ ಹಣ ಕೊಟ್ಟು ಶುಚಿ ಮಾಡಿಸಬಹುದು. ಬೇಯಲು ಬಹಳ ಹೊತ್ತು ಹಿಡಿಯುವ ಕುಚ್ಚಲಕ್ಕಿಯನ್ನು ರಾತ್ರಿ ಒಂದು ಕುದಿ ಬರಿಸಿ ಥರ್ಮಲ್ ಕುಕ್ಕರಿನಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ಗಂಜಿ ಸಿದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲವಾದ್ದರಿಂದ, ಒಬ್ಬರ ಎರಡು ತಿಂಗಳ ಸಂಬಳವನ್ನು ಒಣಗಿಸುವ ಸೌಕರ್ಯವಿರುವ ವಾಷಿಂಗ್ ಮೆಷಿನ್ನಿಗೆ ಹಾಕುವುದೇ ಲೇಸು.

ವಯಸ್ಸಾದವರಿದ್ದರೆ ಮಾತ್ರ ಲೆಕ್ಕ ಬೇರೆ. ಹನ್ನೆರಡು ಗಂಟೆ ಅಥವಾ ದಿನಪೂರ್ತಿ ಇರುವ ಹೋಮ್ ನರ್ಸ್‌ಗಳನ್ನು ಒದಗಿಸುವ ಸಂಸ್ಥೆಗಳು ಎರಡೂ ನಗರಗಳಲ್ಲಿವೆ. ಆದರೆ ಹೆಸರಿನಲ್ಲಿ ನರ್ಸ್ ಎಂದಿದ್ದ ಮಾತ್ರಕ್ಕೆ ಎಲ್ಲರೂ ಶುಶ್ರೂಷೆಯ ಶಿಕ್ಷಣ ಪಡೆದವರಲ್ಲ. ಇಂಜೆಕ್ಷನ್, ನಳಿಕೆಯ ಆಹಾರದಂಥ ಅಗತ್ಯವಿದ್ದರೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯನ್ನು ಕೇಳಿ ನೋಡಿ. ಅವರು ರೋಗಿಯ ಆರೈಕೆಗೆ ಬಂದವರು, ಮನೆಮಂದಿಯ ಪಾತ್ರೆ ತೊಳೆಯಲು ಅಲ್ಲ. ಹಿರಿಯರ ತೊಂದರೆಗಳಿಗೆ 14567 ಸಹಾಯವಾಣಿಯೂ ಇದೆ.

ಇನ್ನು ಮಕ್ಕಳ ವಿಚಾರ. ಮೂರರಿಂದ ಆರು ವರ್ಷದವರಿಗೆ ಹತ್ತಿರದ ಅಂಗನವಾಡಿಯನ್ನು ಒಮ್ಮೆ ಹೋಗಿ ನೋಡಿ, ನೋಡದೆಯೇ ಬೇಡವೆನ್ನಬೇಡಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂದೂ ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ಹೆರಿಗೆ ಸೌಲಭ್ಯದ ಕಾನೂನು ಹೇಳುತ್ತದೆ. ಕೆಲಸಕ್ಕೆ ಸೇರುವಾಗಲೇ ಕೇಳಿ ತಿಳಿದುಕೊಳ್ಳಿ. ಖಾಸಗಿ ಡೇ ಕೇರ್ ಆದರೆ, ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆ, ಮಳೆಯ ರಜೆಯ ದಿನ ತೆರೆದಿರುತ್ತದೆಯೇ ಎಂಬುದು.

ಘಟ್ಟದ ಮೇಲಿನವರಿಗೆ ಈ ರಜೆಯ ಅನುಭವ ಕಡಿಮೆ. ಜುಲೈನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಹಿಂದಿನ ರಾತ್ರಿಯೋ ಅಂದಿನ ಮುಂಜಾವಿನಲ್ಲೋ ಶಾಲೆಗಳಿಗೆ ರಜೆ ಸಾರುತ್ತಾರೆ, ಕಚೇರಿಗಳಿಗಲ್ಲ. ಅಂದು ಬಸ್ಸು ತಡವಾಗಿ ಕೆಲಸದವರೂ ಬರದಿರಬಹುದು. ಇದಕ್ಕೆ ನಮ್ಮ ಸದಸ್ಯರಲ್ಲಿ ಹಲವರು ಕಂಡುಕೊಂಡಿರುವ ಉಪಾಯವೆಂದರೆ, ಒಂದೇ ಕಟ್ಟಡದ ಮೂರು ಮನೆಯವರು ಮೇ ತಿಂಗಳಲ್ಲೇ ಕುಳಿತು ಸರದಿ ಗೊತ್ತುಮಾಡಿಕೊಳ್ಳುವುದು: ರಜೆ ಸಾರಿದ ದಿನ ಸರದಿಯ ಮನೆಯವರೊಬ್ಬರು ಕಚೇರಿಗೆ ರಜೆ ಹಾಕುತ್ತಾರೆ, ಉಳಿದೆರಡು ಮನೆಯ ಮಕ್ಕಳು ತಮ್ಮ ಬುತ್ತಿಯೊಂದಿಗೆ ಅಲ್ಲಿಗೆ ಹೋಗುತ್ತಾರೆ. ಅಂಥ ನೆರೆಮನೆಗಳು ಇನ್ನೂ ಪರಿಚಯವಾಗಿಲ್ಲದಿದ್ದರೆ, ನಿಮ್ಮ ಬಡಾವಣೆಯಲ್ಲಿರುವ ಸದಸ್ಯ ಕುಟುಂಬಗಳ ಪರಿಚಯವನ್ನು ಸಂಘವೇ ಮಾಡಿಸಿಕೊಡುತ್ತದೆ; ಮಳೆ ಹಿಡಿಯುವ ಮೊದಲು ಬನ್ನಿ.