ಟಿವಿ ಸ್ಪರ್ಧೆ ನೋಡಿ ಸೇಲ್ಸ್‌ಗೆ ಜನ ಆರಿಸಿದ್ದು: ನನ್ನ ಅನುಭವ

ರಾಜಾಜಿನಗರದಲ್ಲಿ ನಮ್ಮದು ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು ಮಾಡುವ ಸಣ್ಣ ವ್ಯಾಪಾರ. ಸೇಲ್ಸ್‌ಗೆ ಜನ ಬೇಕು ಅಂದರೆ ಸಾಕು, ರೆಸ್ಯೂಮೆಗಳ ರಾಶಿ ಬೀಳುತ್ತದೆ. ಟಾರ್ಗೆಟ್ ಮುಟ್ಟಿದ್ದೇನೆ ಅಂತ ಬರೆಯದವರೇ ಇಲ್ಲ. ಎದುರು ಕೂರಿಸಿ ಮಾತಾಡಿಸಿದರೆ ಮಾತುಗಾರರು ಗೆಲ್ಲುತ್ತಾರೆ, ಅಷ್ಟೆ. ಅದಕ್ಕೇ, ಟಾಸ್ಕ್ ಕೊಟ್ಟು ಕೆಲಸಕ್ಕೆ ಜನ ಆರಿಸುವ ಟಿವಿ ಶೋ ‘ದಿ ಅಪ್ರೆಂಟಿಸ್’ ದಾರಿ ಹಿಡಿದೆ.

ಆ ಶೋ ಅಮೆರಿಕದಲ್ಲಿ 2004ರಲ್ಲಿ ಶುರುವಾಯಿತು. ನಡೆಸಿದ್ದು ಡೊನಾಲ್ಡ್ ಟ್ರಂಪ್, ಆಗಿನ್ನೂ ರಿಯಲ್ ಎಸ್ಟೇಟ್ ಕುಳ. 16 ಜನ ಸ್ಪರ್ಧಿಗಳು, ಗಂಡಸರದ್ದೊಂದು ತಂಡ, ಹೆಂಗಸರದ್ದೊಂದು ತಂಡ. ಮೊದಲ ಟಾಸ್ಕ್‌ಗೆ ಕೊಟ್ಟ ಬಂಡವಾಳ 250 ಡಾಲರ್. ನ್ಯೂಯಾರ್ಕ್ ಬೀದಿಯಲ್ಲಿ ನಿಂಬೆಹಣ್ಣಿನ ಪಾನಕ ಮಾರಬೇಕು. ಹೆಂಗಸರು ಗೆದ್ದರು. ಸೋತ ತಂಡದಿಂದ ಒಬ್ಬರು ಮನೆಗೆ. ಕೊನೆಗೆ ಉಳಿದ ಬಿಲ್ ರಾನ್ಸಿಕ್‌ಗೆ ವರ್ಷಕ್ಕೆ 2,50,000 ಡಾಲರ್ ಸಂಬಳದ ಕೆಲಸ. ಬ್ರಿಟನ್ನಿನಲ್ಲಿ 2005ರಿಂದ ಉದ್ಯಮಿ ಅಲನ್ ಶುಗರ್ ಇದನ್ನೇ ನಡೆಸಿದರು. ಅಲ್ಲಿ 2011ರಿಂದ ಕೆಲಸದ ಬಹುಮಾನ ಹೋಗಿ, ಸ್ವಂತ ಬಿಸಿನೆಸ್‌ಗೆ 2,50,000 ಪೌಂಡ್ ಬಂಡವಾಳ ಅಂತಾಯಿತು. ಒಳ್ಳೆಯದೇ ಆಯಿತು ಅನ್ನುವವನು ನಾನು. ಅಂಥ ಆಟ ಗೆಲ್ಲುವವರಿಗೆ ಇನ್ನೊಬ್ಬರ ಕೈಕೆಳಗಿನ ನೌಕರಿ ಒಗ್ಗುವುದು ಕಷ್ಟ.

ನಾನು ಆರು ಜನರನ್ನು ಕರೆದು ಎರಡು ತಂಡ ಮಾಡಿದೆ. ತಂಡಕ್ಕೊಂದು ಬ್ಯಾಗ್ ಪ್ಯಾಕೆಟ್, ಬಿಲ್ ಬುಕ್, ಒಂದಿಷ್ಟು ಚಿಲ್ಲರೆ. ಒಂದು ತಂಡ ಮಲ್ಲೇಶ್ವರಂ ಎಂಟನೇ ಕ್ರಾಸ್‌ಗೆ, ಇನ್ನೊಂದು ಗಾಂಧಿಬಜಾರಿಗೆ. ಎಲ್ಲರಿಗೂ ಆ ದಿನದ ಕೂಲಿ ಬೆಳಿಗ್ಗೆಯೇ ಕೊಟ್ಟೆ. ಇಂಟರ್‌ವ್ಯೂ ಹೆಸರಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಶೋನಲ್ಲಿ ಬಾಸ್ ಕಡೆಯ ಇಬ್ಬರು ತಂಡಗಳ ಹಿಂದೆ ಸುಮ್ನೆ ಓಡಾಡುತ್ತಾರೆ, ನೋಡಿ. ನಮ್ಮಲ್ಲೂ ಹಾಗೇ. ಒಂದು ತಂಡದ ಜೊತೆ ನಾನು, ಇನ್ನೊಂದರ ಜೊತೆ ನನ್ನ ತಮ್ಮ. ಬಾಯಿ ಬಿಡುವಂತಿಲ್ಲ.

ಪಾನಕಕ್ಕೆ ಬಾಯಿಗೆ ಬಂದ ರೇಟು ಹೇಳಬಹುದು. ನಮ್ಮ ಪ್ಯಾಕೆಟ್ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳುವಂತಿಲ್ಲ. ಹಾಗಾಗಿ ಪೈಪೋಟಿ ಬೆಲೆ ಇಳಿಸುವ ಕಡೆಗೇ ತಿರುಗುತ್ತದೆ. ಒಬ್ಬ ಹುಡುಗ ‘ಎರಡು ತಗೊಂಡ್ರೆ ಒಂದು ಫ್ರೀ’ ಅಂತ ಕೂಗಿ ಮಧ್ಯಾಹ್ನದೊಳಗೆ ಬ್ಯಾಗ್ ಖಾಲಿ ಮಾಡಿದ. ಟಿವಿಯಲ್ಲಾಗಿದ್ದರೆ ಚಪ್ಪಾಳೆ. ಲೆಕ್ಕ ಹಾಕಿದರೆ ನಮಗೆ ಅಸಲೂ ಹುಟ್ಟಿರಲಿಲ್ಲ. ನಾನು ನೋಡುವುದು ಸಂಜೆಯ ಲೆಕ್ಕ. ದುಡ್ಡು, ಬಿಲ್ಲು, ಉಳಿದ ಪ್ಯಾಕೆಟ್ ಮೂರೂ ತಾಳೆಯಾಗಬೇಕು.

ಆದರೆ ಬೀದಿ ಮಾರಾಟ ನಮ್ಮ ವ್ಯಾಪಾರದ ತುಣುಕು ಮಾತ್ರ. ಮಾಲು ಹೋಗುವುದು ಪ್ರಾವಿಷನ್ ಸ್ಟೋರ್‌ಗಳಿಗೆ, ಅದೂ ಉದ್ದರಿಗೆ. ಟಿವಿ ಟಾಸ್ಕ್ ಸಂಜೆಗೆ ಮುಗಿಯುತ್ತದೆ. ನಮಗೆ ಅಸಲಿ ಕೆಲಸ ಶುರುವಾಗುವುದು ಎರಡನೇ ಸಲ ಅದೇ ಅಂಗಡಿ ಮೆಟ್ಟಿಲು ಹತ್ತಿದಾಗ. ಅದಕ್ಕೆ ನಾನೊಂದು ನಿಯಮ ಸೇರಿಸಿದೆ: ಒಬ್ಬೊಬ್ಬರೂ ಒಂದೊಂದು ಅಂಗಡಿಗೆ ಸ್ವಲ್ಪ ಮಾಲು ಉದ್ದರಿ ಹಾಕಬೇಕು, ಮುಂದಿನ ವಾರ ತಾವೇ ಹೋಗಿ ವಸೂಲಿ ಮಾಡಬೇಕು. ಅವತ್ತಿನ ಕೂಲಿಯೂ ನನ್ನದೇ.

ವಸೂಲಿಯ ದಿನ, ಗಾಂಧಿಬಜಾರಿನ ಒಂದು ಅಂಗಡಿ. ಗಲ್ಲಾ ಮೇಲೆ ‘ಇಂದು ನಗದು, ನಾಳೆ ಸಾಲ’ ಬೋರ್ಡು. ನಮಗೆ ಕೊಡುವಾಗ ಮಾತ್ರ ಉಲ್ಟಾ. ಅಭ್ಯರ್ಥಿ ಹುಡುಗಿ ನಿಂತ ಕೂಡಲೇ ಯಜಮಾನರು, “ಬೋಣಿನೇ ಆಗಿಲ್ಲ ಕಣಮ್ಮ, ಸಾಯಂಕಾಲ ಬಾ” ಅಂದರು. ಅವಳು ದುಡ್ಡಿನ ಮಾತೇ ಎತ್ತಲಿಲ್ಲ. ಕಪಾಟಿನ ಹಿಂದೆ ಸೇರಿದ್ದ ನಮ್ಮ ಪ್ಯಾಕೆಟ್‌ಗಳನ್ನು ಮುಂದಕ್ಕೆ ತಂದಳು, ಧೂಳು ಒರೆಸಿದಳು. ಒಂದರ ಸೀಲ್ ಬಿಟ್ಟಿತ್ತು. ಅದನ್ನು ರಿಟರ್ನ್ ಅಂತ ಬರೆದು ಬ್ಯಾಗಿಗೆ ಹಾಕಿದಳು. “ಯಜಮಾನ್ರೇ, ಮಾರಾಟ ಆಗಿರೋದಕ್ಕೆ ಮಾತ್ರ ಕೊಡಿ, ಮಿಕ್ಕಿದ್ದು ಮುಂದಿನ ವಾರ.” ಅವರು ಗಲ್ಲಾ ತೆಗೆದರು.

‘ಎರಡಕ್ಕೊಂದು ಫ್ರೀ’ ಹುಡುಗನಿಗೂ ಮಲ್ಲೇಶ್ವರಂನಲ್ಲಿ ಇದೇ ಬೋಣಿ ಮಾತು ಸಿಕ್ಕಿತಂತೆ. ಸಂಜೆ ಅವನು ಅತ್ತ ಸುಳಿಯಲಿಲ್ಲ.

ಸೋತ ತಂಡವನ್ನು ಬಾಸ್ ಎದುರು ಕೂರಿಸಿ ಒಬ್ಬರನ್ನು ಮನೆಗೆ ಕಳಿಸುವ ಶೋನ ಬೋರ್ಡ್‌ರೂಮ್ ಮಾತ್ರ ನಾನು ಕೈಬಿಟ್ಟೆ. ಸೋತವರು ಒಬ್ಬರ ಮೇಲೊಬ್ಬರು ಗೂಬೆ ಕೂರಿಸುವುದು ನೋಡೋಕೆ ಮಜಾ, ಆದರೆ ನಾಳೆ ಒಂದೇ ಗೋಡೌನ್‌ನಲ್ಲಿ ಕೆಲಸ ಮಾಡಬೇಕಾದವರಿಗೆ ಅದು ಯಾಕೆ? ಒಬ್ಬೊಬ್ಬರನ್ನೇ ಕೂರಿಸಿ, “ನಿಮ್ಮನ್ನ ಬಿಟ್ಟು ಯಾರನ್ನ ತಗೋಬೇಕು ಹೇಳಿ” ಅಂತ ಕೇಳಿದೆ. ಆ ಗಾಂಧಿಬಜಾರಿನ ಹುಡುಗಿಯ ತಂಡದ ಇಬ್ಬರೂ ಅವಳ ಹೆಸರೇ ಹೇಳಿದರು. ಈಗ ಬಸವನಗುಡಿ ಲೈನ್ ಪೂರ್ತಿ ಅವಳದೇ.

ಪ್ಯಾಕಿಂಗ್‌ಗೋ ಲೆಕ್ಕ ಬರೆಯೋಕೋ ಜನ ಬೇಕಾದರೆ ಈ ಗಲಾಟೆ ಬೇಡ. ಕೆಲಸ ಸಿಗದವರಿಗೆ ಅವತ್ತೇ ಫೋನ್ ಮಾಡಿ ಯಾಕೆ ಅಂತ ಹೇಳಿದೆ. ಆ ಫ್ರೀ ಹುಡುಗನನ್ನು ಮಾತ್ರ ಕಡಲೆಕಾಯಿ ಪರಿಷೆಗೆ ನಮ್ಮ ಸ್ಟಾಲ್‌ನಲ್ಲಿ ನಿಲ್ಲಿಸುತ್ತೇನೆ. ಅಲ್ಲಿ ಉದ್ದರಿ ಇಲ್ಲ, ತಂದ ಮಾಲು ಖಾಲಿಯಾದರೆ ಸಾಕು. ಫ್ರೀ ಕೊಡೋದು ಎಷ್ಟು ಅನ್ನೋದನ್ನ ಮಾತ್ರ ನಾನೇ ಬರೆದು ಅಂಟಿಸುತ್ತೇನೆ.